ಏರುಮುಳ್ಳು: ಕಂಬ, ಮರ ಹತ್ತುವ ಕಾಲಿನ ಸಲಕರಣೆ

ಕಂಬ ಅಥವಾ ಮರ ಹತ್ತುವವರು ಮೊಣಕಾಲಿನ ಕೆಳಗೆ, ಕಾಲಿನ ಒಳಬದಿಗೆ ಕಟ್ಟಿಕೊಳ್ಳುವ ಉಕ್ಕಿನ ಸಲಕರಣೆ. ಅಂಗಾಲಿನ ಪಕ್ಕದಲ್ಲಿ ಕೆಳಮುಖವಾಗಿ ಚಾಚಿದ ಚೂಪಾದ ಮುಳ್ಳು ಇದರ ಮುಖ್ಯ ಭಾಗ. ಮುಳ್ಳನ್ನು ಮರದ ಮೈಗೆ ಊರಿ, ಅದರ ಮೇಲೆ ದೇಹದ ಭಾರ ಬಿಟ್ಟು ನಿಂತು, ಇನ್ನೊಂದು ಕಾಲಿನ ಮುಳ್ಳನ್ನು ಮತ್ತಷ್ಟು ಮೇಲೆ ಊರುತ್ತ ಹತ್ತುವುದು ಕ್ರಮ. ಕೈಗೆ ಸಮತೋಲದ ಕೆಲಸ ಮಾತ್ರ. ಭಾರ ಹೊತ್ತು ಏರಿಸುವುದು ಕಾಲು. ಲೈನ್‌ಮನ್‌ಗಳು ಇದನ್ನು ಕ್ಲೈಂಬರ್ ಎಂದೂ ಮರಗೆಲಸದವರು ಸ್ಪರ್ ಅಥವಾ ಸ್ಪೈಕ್ ಎಂದೂ ಕರೆಯುವುದು ರೂಢಿ. ಈ ಲೇಖನದಲ್ಲಿ ಏರುಮುಳ್ಳು ಎಂದು ಬಳಸಿದೆ.

ಉತ್ತರ ಅಮೆರಿಕದಲ್ಲಿ ಟೆಲಿಗ್ರಾಫ್ ಕಾಲದಿಂದಲೂ ಏರುಮುಳ್ಳು ಲೈನ್‌ಮನ್‌ನ ಗುರುತಾಗಿ ಬಂದಿದೆ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಸಾವಿರಾರು ಮೈಲಿ ತಂತಿ ಎಳೆದ ಭಾರತದಲ್ಲಿ ಅದು ಬೇರೂರಲಿಲ್ಲ. ನಮ್ಮಲ್ಲಿ ದುಡ್ಡಿರಲಿಲ್ಲ, ತಿಳಿವಳಿಕೆ ಇರಲಿಲ್ಲ ಎಂಬ ಸುಲಭದ ಉತ್ತರ ಇಲ್ಲಿ ಹೊಂದುವುದಿಲ್ಲ. ಏರುಮುಳ್ಳಿನ ವಿನ್ಯಾಸದಲ್ಲಿ ಅರ್ಧ ಕಾಲಿನದಾದರೆ ಇನ್ನರ್ಧ ಕಂಬದ್ದು. ಕಂಬದ ವಸ್ತು ಬದಲಾದರೆ ಮುಳ್ಳಿಗೆ ಕೆಲಸವಿಲ್ಲ. ಇದನ್ನು ನೋಡಿ ತಿಳಿಯಲು ಕೋಲ್ಕತ್ತದ ಅಲಿಪುರಕ್ಕಿಂತ ತಕ್ಕ ಜಾಗ ಸಿಗುವುದು ಕಷ್ಟ. ತಂತಿ ಇಲಾಖೆಯ ಕಾರ್ಖಾನೆ ಇದ್ದದ್ದು ಅಲ್ಲಿ. ದೇಶದ ಹಳೆಯ ತೋಟಗಾರಿಕಾ ಸಂಘವೊಂದರ ತೋಟ, ಚಂಡಮಾರುತಗಳ ಗಾಳಿ ಅಳೆಯುವ ಹವಾಮಾನ ಕಚೇರಿ ಇರುವುದೂ ಅಲ್ಲೇ. ಈಚಲು ಮರ ಹತ್ತಿ ರಸ ಇಳಿಸುವ ದಕ್ಷಿಣ 24 ಪರಗಣ ಜಿಲ್ಲೆಯ ಆಡಳಿತ ಕೇಂದ್ರವೂ ಅದೇ.

ರಚನೆ

ಏರುಮುಳ್ಳಿನ ಬೆನ್ನೆಲುಬು ಒಂದು ಚಪ್ಪಟೆ ದಂಡ. ಇದು ಪಾದದ ಕೆಳಗಿನಿಂದ ಹೊರಟು ಕಾಲಿನ ಒಳಬದಿಗೆ ಅಂಟಿಕೊಂಡಂತೆ ಮೊಣಕಾಲಿನ ಸ್ವಲ್ಪ ಕೆಳಗಿನವರೆಗೆ ಬರುತ್ತದೆ. ಕೆಳತುದಿ ಲಾಳದಂತೆ ಬಾಗಿ, ಹಿಮ್ಮಡಿಯ ಮುಂದೆ, ಬೂಟಿನ ಅಡಿಗೆ ಬಂದು ನಿಲ್ಲುತ್ತದೆ. ಕುದುರೆ ಸವಾರರ ರಿಕಾಪಿನ ಹಾಗೆ ಇದು ಪಾದಕ್ಕೆ ಮೆಟ್ಟಿಲಾಗುತ್ತದೆ. ಹತ್ತುವವನ ಪೂರ್ತಿ ಭಾರ ಬೀಳುವುದು ಈ ರಿಕಾಪಿನ ಮೇಲೆ. ಹೀಗಾಗಿ ಮೆತ್ತನೆಯ ಅಟ್ಟೆಯ ಬೂಟು ಹಾಕಿಕೊಂಡವನಿಗೆ ಹತ್ತು ನಿಮಿಷದೊಳಗೆ ಅಂಗಾಲು ಸೋಲುತ್ತದೆ. ಅಟ್ಟೆಯೊಳಗೆ ಉಕ್ಕಿನ ಪಟ್ಟಿಯಿದ್ದು, ಹಿಮ್ಮಡಿ ಎತ್ತರವಾಗಿರುವ ಬೂಟು ಬೇಕೇ ಬೇಕು. ಕಣಕಾಲಿಗೊಂದು, ಮೀನಖಂಡದ ಮೇಲ್ಭಾಗಕ್ಕೊಂದು ಪಟ್ಟಿ ಬಿಗಿಯುತ್ತಾರೆ. ಮೇಲಿನ ಪಟ್ಟಿಯ ಒಳಗೆ ದಪ್ಪ ಮೆತ್ತೆ ಇರುತ್ತದೆ. ದಂಡದ ಮೇಲ್ತುದಿ ಮೊಣಕಾಲಿನ ಎಲುಬಿಗೆ ಒತ್ತಿದರೆ ದಿನವಿಡೀ ನೋವು, ತೀರಾ ಕೆಳಗಿದ್ದರೆ ಕಾಲು ಒಳಗೆ ಅಲ್ಲಾಡುತ್ತದೆ. ಆ ಕಾರಣಕ್ಕೆ ದಂಡದ ಉದ್ದವನ್ನು ಸುಮಾರು 15ರಿಂದ 19 ಅಂಗುಲದೊಳಗೆ ಹೊಂದಿಸಿಕೊಳ್ಳುವ ಏರ್ಪಾಡು ಸಾಮಾನ್ಯ. ಹಿಂದೆ ದಂಡವನ್ನು ಕಾಯಿಸಿ ಬಡಿದ ಉಕ್ಕಿನಿಂದಷ್ಟೇ ಮಾಡುತ್ತಿದ್ದರು. ಈಗ ಅಲ್ಯೂಮಿನಿಯಂ, ಟೈಟೇನಿಯಂ ದಂಡಗಳೂ ಇವೆ. ಮುಳ್ಳು ಮಾತ್ರ ಇಂದಿಗೂ ಉಕ್ಕಿನದೇ.

ಮುಳ್ಳಿನಲ್ಲಿ ಎರಡು ಜಾತಿ. ಕಂಬಕ್ಕೆ ಬಳಸುವುದು ಗಿಡ್ಡ, ಒಂದೂವರೆ ಅಂಗುಲದ ಆಸುಪಾಸಿನದು. ಕಂಬಕ್ಕೆ ತೊಗಟೆ ಇಲ್ಲ, ಮುಳ್ಳು ನೇರವಾಗಿ ಮರವನ್ನೇ ಹಿಡಿಯುತ್ತದೆ. ಜೀವಂತ ಮರದಲ್ಲಿ ಮೊದಲು ದಪ್ಪ ತೊಗಟೆ ದಾಟಬೇಕು, ಹಾಗಾಗಿ ಮರದ ಮುಳ್ಳು ಎರಡೂವರೆ ಅಂಗುಲದಿಂದ ಎರಡೂಮುಕ್ಕಾಲು ಅಂಗುಲದವರೆಗೆ ಉದ್ದ. ಅದಲು ಬದಲು ಮಾಡಿದರೆ ಕಷ್ಟ. ಮರದ ಮುಳ್ಳು ಕಟ್ಟಿಕೊಂಡು ಕಂಬ ಹತ್ತಿದವನ ಪಾದ ಕಂಬದಿಂದ ದೂರ ಉಳಿಯುತ್ತದೆ, ಸನ್ನೆಯ ಹಾಗೆ ಭಾರ ಹೊರಕ್ಕೆ ಎಳೆಯುತ್ತದೆ, ಕಣಕಾಲು ತಿರುಚುತ್ತದೆ. ಕಂಬದ ಮುಳ್ಳಿನಲ್ಲಿ ಮರ ಹತ್ತಿದವನು ಬರಿಯ ತೊಗಟೆಯ ಮೇಲೆ ನಿಂತಿರುತ್ತಾನೆ. ತೊಗಟೆ ಸುಲಿದರೆ ಅವನೂ ಅದರ ಜೊತೆಯಲ್ಲೇ ಕೆಳಗೆ.

ಮೊನೆ ಸೂಜಿಯಂತಿರಬೇಕು ಎಂದುಕೊಳ್ಳುವುದು ಸಹಜ, ಆದರೆ ತಪ್ಪು. ಸೂಜಿಮೊನೆ ಆಳಕ್ಕೆ ಇಳಿದು ಸಿಕ್ಕಿಕೊಳ್ಳುತ್ತದೆ, ಪ್ರತಿ ಹೆಜ್ಜೆಗೂ ಕಿತ್ತು ತೆಗೆಯಲು ಬಲ ಹಾಕಬೇಕಾಗುತ್ತದೆ. ಬೇಗ ಮುರಿಯುತ್ತದೆ ಕೂಡ. ಒಳ್ಳೆಯ ಮುಳ್ಳಿನ ತುದಿ ಉಳಿಯ ಬಾಯಿಯಂತೆ ಕಿರಿದಾದ ಅಂಚು. ಒಂದು ಮೈ ಚಪ್ಪಟೆ, ಇನ್ನೊಂದು ದುಂಡು. ಇದರಿಂದ ಭಾರ ಬಿದ್ದಷ್ಟೂ ಮುಳ್ಳು ಒಳಕ್ಕೆ ಕಚ್ಚಿಕೊಳ್ಳುತ್ತದೆ, ಕಾಲನ್ನು ಹೊರಕ್ಕೆ ವಾಲಿಸಿ ಎತ್ತಿದರೆ ಸಲೀಸಾಗಿ ಬಿಡುತ್ತದೆ. ಮೊಂಡಾದ ಮೊನೆಯನ್ನು ಅರದಿಂದ ಉದ್ದುದ್ದಕ್ಕೆ ಉಜ್ಜಿ ಹರಿತ ಮಾಡಬೇಕೇ ಹೊರತು ಸಾಣೆಚಕ್ರಕ್ಕೆ ಹಿಡಿಯಬಾರದು. ಚಕ್ರದ ಬಿಸಿಗೆ ಉಕ್ಕಿನ ಹದ ಕೆಡುತ್ತದೆ. ಉಜ್ಜಿ ಉಜ್ಜಿ ಮುಳ್ಳು ಸವೆಯುವುದರಿಂದ ಅದಕ್ಕೊಂದು ಆಯುಸ್ಸು ಉಂಟು. ಒಳ ಅಂಚಿನ ಮೇಲೆ ಅಳೆದಾಗ ಕಂಬದ ಮುಳ್ಳು 1.25 ಅಂಗುಲಕ್ಕಿಂತ, ಅಂದರೆ ಸುಮಾರು 32 ಮಿಲಿಮೀಟರಿಗಿಂತ ಗಿಡ್ಡವಾದರೆ ಬಳಸಬಾರದೆಂದು ಅಮೆರಿಕದ ಔದ್ಯೋಗಿಕ ಸುರಕ್ಷತಾ ನಿಯಮ ಹೇಳುತ್ತದೆ. ಅಳೆಯಲೆಂದೇ ಒಂದು ಸಣ್ಣ ತಗಡಿನ ಮಾಪಕವನ್ನು ತಯಾರಕರು ಕೊಡುತ್ತಾರೆ. ಹತ್ತದಿರುವಾಗ ಮುಳ್ಳಿಗೆ ಟೊಪ್ಪಿ ತೊಡಿಸಿಡಬೇಕೆಂಬುದೂ ಅದೇ ನಿಯಮದಲ್ಲಿದೆ.

ಹತ್ತುವ ಬಗೆ

ಹೊಸಬರು ಮಾಡುವ ಮೊದಲ ಕೆಲಸ ಕಂಬವನ್ನು ಅಪ್ಪಿಕೊಳ್ಳುವುದು. ಹೆದರಿಕೆಗೆ ಅದು ಸಹಜ, ಮುಳ್ಳಿಗೆ ಅದು ವಿರುದ್ಧ. ಎದೆ, ಮಂಡಿ ಕಂಬಕ್ಕೆ ತಾಗಿದ ಕೂಡಲೇ ದಂಡ ಕಂಬಕ್ಕೆ ಸಮಾನಾಂತರವಾಗುತ್ತದೆ, ಮುಳ್ಳಿನ ಕೋನ ಕಿರಿದಾಗಿ ಅದು ಮರದ ಸಿಪ್ಪೆಯನ್ನಷ್ಟೇ ಕೆತ್ತಿಕೊಂಡು ಹೊರಬರುತ್ತದೆ. ಸೊಂಟ ಹಿಂದಕ್ಕೆ, ಮಂಡಿ ಹೊರಕ್ಕೆ, ಕೈ ಸಡಿಲ: ಹೀಗೆ ನಿಂತಾಗಲೇ ಮುಳ್ಳು ಹಿಡಿಯುವುದು. ಹೆದರಿದವನು ಬೀಳುವ, ಧೈರ್ಯವಾಗಿ ಹಿಂದಕ್ಕೆ ವಾಲಿದವನು ಉಳಿಯುವ ಈ ವಿಚಿತ್ರವನ್ನು ಅರಗಿಸಿಕೊಳ್ಳುವುದೇ ತರಬೇತಿಯ ದೊಡ್ಡ ಭಾಗ. ಮುಳ್ಳು ಕಿತ್ತುಬಂದವನು ಭಯದಲ್ಲಿ ಕಂಬ ತಬ್ಬಿ ಜಾರಿದರೆ ಎದೆ, ತೋಳು, ತೊಡೆಗೆ ಕಂಬದ ಚೂರುಗಳು ಸಾಲಾಗಿ ಹೊಗುತ್ತವೆ. ಕಂಬಕ್ಕೆ ಹಚ್ಚಿದ ರಾಸಾಯನಿಕ ಆ ಗಾಯಗಳನ್ನು ಇನ್ನಷ್ಟು ಕೆಡಿಸುತ್ತದೆ.

ಸೊಂಟದ ಬೆಲ್ಟಿಗೆ ಸಿಕ್ಕಿಸಿ ಕಂಬದ ಸುತ್ತ ಬಳಸುವ ಪಟ್ಟಿ ತುದಿಗೆ ತಲುಪಿ ಕೆಲಸ ಮಾಡುವಾಗ ಕೈ ಬಿಡುವುದಕ್ಕೆ ಅನುಕೂಲ. ಆದರೆ ಮುಳ್ಳು ತಪ್ಪಿದಾಗ ಸಾಧಾರಣ ಪಟ್ಟಿ ಕಂಬದ ಗುಂಟ ಜಾರುತ್ತದೆ, ತಡೆಯುವುದಿಲ್ಲ. ಬಿದ್ದ ಕ್ಷಣಕ್ಕೆ ಕಂಬವನ್ನು ಬಿಗಿಯಾಗಿ ಹಿಸುಕಿಕೊಳ್ಳುವ ಪಟ್ಟಿಗಳು ಬಂದ ಮೇಲಷ್ಟೇ ಈ ಕೊರತೆ ತುಂಬಿತು. 2014ರಲ್ಲಿ ಪರಿಷ್ಕರಿಸಿದ ಅಮೆರಿಕದ ನಿಯಮ, ಪಳಗಿದ ಲೈನ್‌ಮನ್ ಕೂಡ ಹತ್ತುವ ಇಳಿಯುವ ಹೊತ್ತಿನಲ್ಲೆಲ್ಲ ಬೀಳುತಡೆಗೆ ಕಟ್ಟಿಕೊಂಡಿರಬೇಕೆಂದು 2015ರ ಏಪ್ರಿಲ್ 1ರಿಂದ ಕಡ್ಡಾಯ ಮಾಡಿತು. ಅಲ್ಲಿ ಟೆಲಿಗ್ರಾಫ್ ಶುರುವಾದದ್ದು 1844ರಲ್ಲಿ. ಮುಳ್ಳಿನ ಆಕಾರ ತಿದ್ದಲು ತೋರಿದ ಆಸಕ್ತಿಯನ್ನು ಹತ್ತುವವನ ಜೀವದ ವಿಷಯದಲ್ಲಿ ತೋರಲು ಆ ದೇಶಕ್ಕೆ ನೂರೆಪ್ಪತ್ತು ವರ್ಷ ಹಿಡಿಯಿತು ಎಂದರೆ ಅತಿಶಯವಲ್ಲ.

ಅಲಿಪುರ ಮತ್ತು ಕಬ್ಬಿಣದ ಕಂಬ

ಭಾರತದ ತಂತಿಯ ಇತಿಹಾಸ ಆರಂಭವಾಗುವುದು ಕೋಲ್ಕತ್ತದಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ವಿಲಿಯಂ ಓಶಾಗ್ನೆಸಿ 1839ರಲ್ಲಿ ಹೂಗ್ಲಿಯ ಆಚೆ ದಡದ ಬೊಟಾನಿಕಲ್ ಗಾರ್ಡನ್‌ನಲ್ಲಿ ಬಿದಿರುಗಳ ನಡುವೆ ಸುಮಾರು 21 ಮೈಲಿಯಷ್ಟು ತಂತಿ ಸುತ್ತಿ ಪ್ರಯೋಗ ನಡೆಸಿದ. ಹನ್ನೆರಡು ವರ್ಷದ ನಂತರ, 1851ರಲ್ಲಿ, ಕೋಲ್ಕತ್ತದಿಂದ ಡೈಮಂಡ್ ಹಾರ್ಬರ್‌ಗೆ ಮಾರ್ಗ ತೆರೆಯಿತು. ಇಂದು ಡೈಮಂಡ್ ಹಾರ್ಬರ್ ರಸ್ತೆ ಅಲಿಪುರದ ಪಶ್ಚಿಮದ ಅಂಚನ್ನು ಸವರಿಕೊಂಡು ದಕ್ಷಿಣಕ್ಕೆ ಹೋಗುತ್ತದೆ. ಆ ತಂತಿ ಮಾರ್ಗದಲ್ಲಿ ಓಶಾಗ್ನೆಸಿ ತೆಳ್ಳನೆಯ ತಂತಿಯ ಬದಲು ದಪ್ಪ ಕಬ್ಬಿಣದ ಸಲಾಕೆಯನ್ನೇ ಬಳಸಿದ, ಆಸರೆಗೆ ಬಿದಿರು ನೆಟ್ಟ. ಬಿದಿರನ್ನು ಮುಳ್ಳು ಕಟ್ಟಿ ಹತ್ತುವ ಪ್ರಶ್ನೆಯೇ ಇಲ್ಲ. ಒಳಗೆ ಪೊಳ್ಳು, ಹೊರಗೆ ನುಣುಪು.

ಓಶಾಗ್ನೆಸಿಯ ಬಲಗೈಯಾಗಿದ್ದ ಶಿವಚಂದ್ರ ನಂದಿ ಈ ಮಾರ್ಗ ಹಾಕುವುದರಲ್ಲಿ ದುಡಿದವರು, ಮುಂದೆ ಉತ್ತರ ಭಾರತದ ಮಾರ್ಗಗಳನ್ನೂ ಎಳೆದರು. ದುಬಾರಿ ಕಂಬಗಳ ಬದಲಿಗೆ ತಾಳೆಯ ಕಾಂಡಗಳನ್ನು ನಿಲ್ಲಿಸಿದ ಹೆಗ್ಗಳಿಕೆ ಅವರದು. ಮಾರ್ಗ ಬೆಂಗಳೂರು, ಉದಕಮಂಡಲದವರೆಗೂ ಚಾಚಿಕೊಂಡದ್ದು 1853ರಿಂದ ಆರಂಭವಾದ ದೊಡ್ಡ ಕಾಮಗಾರಿಯಲ್ಲಿ. ದಕ್ಷಿಣದ ಕೆಲವೆಡೆ ಕಲ್ಲಿನ ಕಂಬಗಳನ್ನೇ ನೆಟ್ಟರು. ಬಿದಿರು, ತಾಳೆ, ಕಲ್ಲು: ಮೂರರಲ್ಲಿ ಒಂದೂ ಏರುಮುಳ್ಳಿಗೆ ಒಪ್ಪುವಂಥದ್ದಲ್ಲ. ತೇಗ, ಸಾಲದಂಥ ಮರದ ಕಂಬಗಳನ್ನು ನೆಟ್ಟ ಕಡೆ ಗೆದ್ದಲು ಮತ್ತು ಮಳೆಗಾಲದ ಕೊಳೆತ ಕಾದಿದ್ದವು. ನೆಲದ ಮಟ್ಟದಲ್ಲಿ ಬುಡ ಟೊಳ್ಳಾಗಿರುವ ಕಂಬ ಮೇಲಿನಿಂದ ನೋಡಲು ಗಟ್ಟಿಯಾಗಿಯೇ ಕಾಣುತ್ತದೆ. ಹತ್ತಿದವನ ಭಾರ ಬಿದ್ದಾಗ ಬುಡದಲ್ಲಿ ಮುರಿಯುತ್ತದೆ. ಮುಳ್ಳು ಎಷ್ಟೇ ಚೆನ್ನಾಗಿದ್ದರೂ ಇದಕ್ಕೆ ಮದ್ದಿಲ್ಲ.

ಹೀಗಾಗಿ ಭಾರತದ ತಂತಿ ಇಲಾಖೆ ಕಬ್ಬಿಣಕ್ಕೆ ತಿರುಗಿತು. ಮೇಲೆ ಹೋದಂತೆ ಸಣ್ಣದಾಗುವ ಕೊಳವೆಗಳನ್ನು ಒಂದರೊಳಗೊಂದು ಸೇರಿಸಿ ನಿಲ್ಲಿಸುವ ಕಂಬಗಳು ಎತ್ತಿನ ಗಾಡಿಯಲ್ಲಿ ಸಾಗಿಸಲು ಹಗುರ, ಗೆದ್ದಲಿಗೆ ದಕ್ಕದವು. ಇಂಥ ಮಾರ್ಗಗಳ ಸಾಮಾನು ಸರಂಜಾಮು ತಯಾರಿಸಿ, ದುರಸ್ತಿ ಮಾಡಿ ದೇಶಕ್ಕೆ ಹಂಚುತ್ತಿದ್ದ ಜಾಗಗಳಲ್ಲಿ ಅಲಿಪುರದ ಕಾರ್ಖಾನೆ ಮುಖ್ಯವಾದದ್ದು. ತಂತಿ ಇಲಾಖೆಯ ಕಾರ್ಖಾನೆಯಾಗಿದ್ದ ಅದು ಅಂಚೆ ಮತ್ತು ತಂತಿ ಇಲಾಖೆಯ ಕೈ ದಾಟಿ, ಕೊನೆಗೆ ಬಿಎಸ್‌ಎನ್‌ಎಲ್‌ನ ಟೆಲಿಕಾಂ ಫ್ಯಾಕ್ಟರಿಯಾಯಿತು. ದೇಶದ ತಂತಿ ಸೇವೆ 2013ರ ಜುಲೈಯಲ್ಲಿ ನಿಂತುಹೋಯಿತು; ಅದು ನೆಟ್ಟ ಕಬ್ಬಿಣದ ಕಂಬಗಳು ಇಂದಿಗೂ ರೈಲು ಹಳಿಗಳ ಪಕ್ಕದಲ್ಲಿ ಅಲ್ಲಲ್ಲಿ ಕಾಣುತ್ತವೆ. ಕಬ್ಬಿಣಕ್ಕೆ ಮುಳ್ಳು ಇಳಿಯದು. ಇಲ್ಲಿನ ಲೈನ್‌ಮನ್ ಬಿದಿರೇಣಿ, ಹಗ್ಗದ ಕುಣಿಕೆ, ಸೊಂಟದ ಬೆಲ್ಟು ಮತ್ತು ಬರಿಗಾಲನ್ನು ನಂಬಿದ.

ವಿದ್ಯುತ್ತಿನ ಕಂಬಗಳೂ ಇದೇ ದಾರಿ ಹಿಡಿದವು. ಕೊಳವೆಯಾಕಾರದ ಉಕ್ಕಿನ ಕಂಬಕ್ಕೆ ಐಎಸ್ 2713, ಪೂರ್ವಪ್ರತಿಬಲಿತ (ಪ್ರೀಸ್ಟ್ರೆಸ್ಡ್) ಕಾಂಕ್ರೀಟ್ ಕಂಬಕ್ಕೆ ಐಎಸ್ 1678 ಎಂಬ ಭಾರತೀಯ ಮಾನಕಗಳಿವೆ. ಮರದ ಕಂಬಕ್ಕೂ ಐಎಸ್ 876 ಎಂಬ ಮಾನಕವಿದೆಯಾದರೂ ಬೀದಿಯಲ್ಲಿ ಕಾಣುವುದು ಮೊದಲಿನ ಎರಡು. ಕಾಂಕ್ರೀಟ್ ಕಂಬ ಹತ್ತಲು ಮುಳ್ಳಿಗಿಂತ ಬೇರೆಯೇ ತತ್ತ್ವ ಬೇಕು. ರಷ್ಯಾದಲ್ಲಿ ಮರದ ಕಂಬಕ್ಕೆ ಹಲ್ಲುಗಳಿರುವ ಕುಡುಗೋಲಿನಂಥ ‘ಕೋಗ್ತಿ’, ಕಾಂಕ್ರೀಟ್ ಕಂಬಕ್ಕೆ ಅದನ್ನು ಸುತ್ತುವರಿದು ಬಿಗಿಯುವ ‘ಲಾಜಿ’ ಎಂದು ಎರಡು ಪ್ರತ್ಯೇಕ ಸಲಕರಣೆಗಳನ್ನೇ ಮಾಡಿಕೊಂಡರು. ಮಧ್ಯ ಯುರೋಪಿನ ಲೈನ್‌ಮನ್‌ಗಳದೂ ಕಂಬವನ್ನು ಬಳಸಿ ಹಿಡಿಯುವ ಕೊಕ್ಕೆಯೇ, ಚುಚ್ಚುವ ಮುಳ್ಳಲ್ಲ. ಭಾರತದಲ್ಲಿ ಕಾಂಕ್ರೀಟ್ ಕಂಬ ಲಕ್ಷಗಟ್ಟಲೆ ನಿಂತವು, ಅದಕ್ಕೆ ತಕ್ಕ ಕಾಲಿನ ಸಲಕರಣೆ ಮಾತ್ರ ಲೈನ್‌ಮನ್‌ನ ಕೈಗೆ ಬರಲಿಲ್ಲ. ಏರುಮುಳ್ಳು ಬಾರದಿದ್ದುದಕ್ಕೆ ಕಾರಣವಿದೆ; ಇದಕ್ಕೆ ಇಲ್ಲ.

ಒಂದು ಭಾರತೀಯ ರಸಾಯನ

ಅಮೆರಿಕದ ಲೈನ್‌ಮನ್ ಮತ್ತು ಅವನ ಮುಳ್ಳಿನ ನಡುವೆ ಒಮ್ಮೆ ಭಾರತ ಅಡ್ಡ ಬಂದದ್ದುಂಟು. ದೆಹರಾದೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶಂ 1933ರಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಲವಣಗಳ ಮಿಶ್ರಣದಿಂದ ಮರವನ್ನು ಗೆದ್ದಲು, ಬೂಷ್ಟಿನಿಂದ ಕಾಪಾಡುವ ವಿಧಾನ ಕಂಡುಹಿಡಿದರು. ‘ಅಸ್ಕು’ ಎಂಬ ಹೆಸರಿನಲ್ಲಿ ಹೊರಬಂದ ಇದು ಸಿಸಿಎ ಎಂದು ಲೋಕಪ್ರಸಿದ್ಧವಾಯಿತು, ಅಮೆರಿಕದ ಪೈನ್ ಕಂಬಗಳಿಗೂ ಹರಡಿತು. ಅದುವರೆಗೆ ಅಲ್ಲಿ ಕಂಬಕ್ಕೆ ಕುಡಿಸುತ್ತಿದ್ದದ್ದು ಕ್ರಿಯೋಸೋಟ್‌ನಂಥ ಎಣ್ಣೆಗಳು. ಎಣ್ಣೆ ಕುಡಿದ ಮರ ಮೆತ್ತಗೆ, ಮುಳ್ಳಿಗೆ ಹಿತ. ಸಿಸಿಎ ನೀರಿನಲ್ಲಿ ಕರಗಿ ಒಳಹೋಗುತ್ತದೆ. ನೀರು ಆರಿದ ಮೇಲೆ ಮರ ಒಣಗಿ ಬಿರುಸಾಗುತ್ತದೆ. ಮುಳ್ಳು ಇಳಿಯುತ್ತಿಲ್ಲ, ಮಂಡಿ ಸೋಲುತ್ತಿದೆ ಎಂಬ ದೂರು ಲೈನ್‌ಮನ್‌ಗಳಿಂದ ಎಷ್ಟು ಬಂತೆಂದರೆ, ಕಂಬದ ಮೇಲ್ಮೈ ಮೆತ್ತಗಾಗಲೆಂದು ಸಿಸಿಎ ಜೊತೆಗೆ ಪಾಲಿಎಥಿಲೀನ್ ಗ್ಲೈಕಾಲ್ ಬೆರೆಸುವ ಪದ್ಧತಿಯನ್ನು ತಯಾರಕರು ತರಬೇಕಾಯಿತು. ಮುಳ್ಳಿನ ಸಲುವಾಗಿ ಕಂಬದ ರಸಾಯನವನ್ನೇ ತಿದ್ದಿದ ಉದಾಹರಣೆ ಇದು. ಕಂಬ ಮತ್ತು ಮುಳ್ಳು ಒಂದೇ ಯಂತ್ರದ ಎರಡು ತುಂಡು ಎನ್ನುವುದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಬೇಡ.

ಮರದ ಮೇಲೆ

ತಂತಿಗಿಂತ ಹಿಂದೆಯೇ ಮರಕ್ಕೆ ಚುಚ್ಚಿ ಹತ್ತುವ ಉಪಾಯ ಇತ್ತು, ಆದರೆ ಚುಚ್ಚುತ್ತಿದ್ದದ್ದು ಕಾಲಿನ ಮುಳ್ಳಲ್ಲ, ಬಿದಿರಿನ ಗೂಟ. ಬೋರ್ನಿಯೊದ ದಯಾಕರು ಜೇನಿಗಾಗಿ ಎತ್ತರದ ಮರಗಳಿಗೆ ಗೂಟ ಹೊಡೆದು ಏಣಿ ಕಟ್ಟುವುದನ್ನು ಆಲ್‌ಫ್ರೆಡ್ ರಸೆಲ್ ವ್ಯಾಲೇಸ್ 1869ರಲ್ಲಿ ಪ್ರಕಟವಾದ ತನ್ನ ಮಲಯ ದ್ವೀಪಸಮೂಹದ ಪುಸ್ತಕದಲ್ಲಿ ವಿವರಿಸಿದ್ದಾನೆ. ಆನೆಮಲೆಯ ಕಾಡರದೂ ಇದೇ ವಿದ್ಯೆ ಎಂದು ಎಡ್ಗರ್ ಥರ್ಸ್ಟನ್ ದಾಖಲಿಸಿದ.

ಜೀವಂತ ಮರದ ಮೇಲೆ ಏರುಮುಳ್ಳಿನ ಬಳಕೆಯನ್ನು ಇಂದು ವೃತ್ತಿಪರ ಮರಪಾಲಕರು ಒಪ್ಪುವುದಿಲ್ಲ. ಅಮೆರಿಕದ ಎಎನ್‌ಎಸ್‌ಐ ಎ300 ಮಾನಕದ ಪ್ರಕಾರ ಕೊಂಬೆ ಸವರುವ ಕೆಲಸಕ್ಕೆ ಮುಳ್ಳು ಕಟ್ಟಬಾರದು. ಪೂರ್ತಿ ಕಡಿದುಹಾಕುವ ಮರಕ್ಕೆ, ಅಥವಾ ಅಪಾಯದಲ್ಲಿ ಸಿಲುಕಿದವರನ್ನು ಇಳಿಸುವಂಥ ತುರ್ತಿಗೆ ಸರಿ. ತೊಗಟೆಯ ಕೆಳಗಿನ ಬೆಳೆಯುವ ಪದರಕ್ಕೆ ಪ್ರತಿ ಹೆಜ್ಜೆಗೂ ತೂತು ಬೀಳುತ್ತದೆ. ತೂತಿನಿಂದ ಶಿಲೀಂಧ್ರ, ಕೀಟ ಒಳಹೊಗುತ್ತವೆ. ರೋಗದ ಮರ ಹತ್ತಿದ ಮುಳ್ಳೇ ಆರೋಗ್ಯದ ಮರಕ್ಕೆ ರೋಗ ಒಯ್ಯಬಹುದು.

ವಿಲಿಯಂ ಕ್ಯಾರಿ 1820ರಲ್ಲಿ ಸ್ಥಾಪಿಸಿದ ಅಗ್ರಿ-ಹಾರ್ಟಿಕಲ್ಚರಲ್ ಸೊಸೈಟಿಯ ತೋಟ ಇರುವುದು ಅಲಿಪುರದಲ್ಲಿ. ಇಂಥ ತೋಟಗಳ ಮುದಿಮರಗಳ ಮೈಗೆ ಮುಳ್ಳು ಊರುವುದು ಅವುಗಳನ್ನು ಕಾಯುವ ಕೆಲಸಕ್ಕೆ ತದ್ವಿರುದ್ಧ. ಆದರೆ ಅದೇ ಅಲಿಪುರದಲ್ಲಿ ಏರುಮುಳ್ಳಿಗೆ ನ್ಯಾಯವಾದ ಕೆಲಸವಿದ್ದ ಸಂದರ್ಭವೂ ಒಂದಿತ್ತು. 2020ರ ಮೇ 20ರಂದು ಅಂಫಾನ್ ಚಂಡಮಾರುತ ಬಂದಾಗ ಅಲಿಪುರದ ಹವಾಮಾನ ಕಚೇರಿಯಲ್ಲಿ ಗಾಳಿಯ ವೇಗ ಗಂಟೆಗೆ 114 ಕಿಲೋಮೀಟರ್ ದಾಖಲಾಯಿತು, ನಗರದಲ್ಲಿ ಸಾವಿರಾರು ಮರಗಳು ಉರುಳಿದವು. ದಿನಗಟ್ಟಲೆ ವಿದ್ಯುತ್ತಿಲ್ಲದೆ ಜನ ಬೀದಿಗಿಳಿದರು, ರಸ್ತೆ ತೆರವಿಗೆ ಸೇನೆಯನ್ನು ಕರೆಸಬೇಕಾಯಿತು. ಅರ್ಧ ಮುರಿದು, ತಂತಿಯ ಮೇಲೆ ವಾಲಿ, ಏಣಿ ಒರಗಿಸಲು ಜಾಗವಿಲ್ಲದೆ ನಿಂತ ಮರವನ್ನು ತುದಿಯಿಂದ ತುಂಡು ತುಂಡಾಗಿ ಇಳಿಸಲು ಮುಳ್ಳು, ಬೀಳುತಡೆ ಹಗ್ಗ ಮತ್ತು ಕೈಗರಗಸ ತಿಳಿದ ತಂಡ ಬೇಕು. ಕರಾವಳಿಯ ದೊಡ್ಡ ನಗರಗಳ ಪಾಲಿಕೆಗಳು ಇಂಥ ತಂಡಗಳನ್ನು ಮೊದಲೇ ಪಳಗಿಸಿ ಇಟ್ಟುಕೊಳ್ಳುವುದು ವಿವೇಕ.

ತೆಂಗು, ಅಡಿಕೆ, ಈಚಲು

ಕನ್ನಡನಾಡಿನಲ್ಲಿ ಮರ ಹತ್ತುವುದು ಎಂದರೆ ಬಹುಮಟ್ಟಿಗೆ ತೆಂಗು, ಅಡಿಕೆ ಹತ್ತುವುದು. ಏರುಮುಳ್ಳಿಗೆ ಇಲ್ಲಿ ಜಾಗವೇ ಇಲ್ಲದಿರಲು ಮರದ ಒಳರಚನೆ ಕಾರಣ. ಮಾವು, ಹಲಸಿನಂಥ ಮರಗಳಿಗೆ ತೊಗಟೆಯಡಿ ಬೆಳೆಯುವ ಪದರವಿದ್ದು, ಗಾಯವಾದ ಜಾಗವನ್ನು ವರ್ಷಗಳಲ್ಲಿ ಮುಚ್ಚಿಕೊಳ್ಳುತ್ತವೆ. ತಾಳೆಯ ಕುಲಕ್ಕೆ ಆ ಪದರವಿಲ್ಲ. ತೆಂಗಿನ ಕಾಂಡಕ್ಕೆ ಇಂದು ಬಿದ್ದ ತೂತು ಮರ ಸಾಯುವವರೆಗೂ ತೂತೇ. ಗಾಯದ ವಾಸನೆಗೆ ಕೆಂಪುಮೂತಿ ಹುಳು ಬಂದು ಮೊಟ್ಟೆಯಿಡುತ್ತದೆ. ಕಾಂಡ ಸೋರುವ ರೋಗಕ್ಕೂ ಗಾಯವೇ ಬಾಗಿಲು. ತಿಂಗಳೆರಡು ತಿಂಗಳಿಗೊಮ್ಮೆ ಕಾಯಿಳಿಸಲು ಹತ್ತುವ ಮರಕ್ಕೆ ಪ್ರತಿಸಲ ಹತ್ತಾರು ತೂತು ಎಂದರೆ ತೋಟದ ಗತಿ ಹೇಳಬೇಕಿಲ್ಲ. ಅಡಿಕೆಯ ಕಾಂಡವಂತೂ ಒಂದು ಹಿಡಿಯಷ್ಟು ತೆಳು, ಎತ್ತರ ಐವತ್ತು ಅರವತ್ತು ಅಡಿ.

ಇದನ್ನು ಅನುಭವದಿಂದ ಅರಿತ ಕರಾವಳಿ, ಮಲೆನಾಡಿನವರು ಚುಚ್ಚದೆ ಹಿಡಿಯುವ ದಾರಿ ಕಂಡುಕೊಂಡರು. ಎರಡು ಪಾದಗಳ ನಡುವೆ ತೊಡುವ ಹಗ್ಗದ ಬಳೆ, ತಳೆ, ಇದರ ಸಾರ. ಪಾದಗಳೆರಡೂ ಕಾಂಡದ ಎರಡು ಮಗ್ಗುಲನ್ನು ಒತ್ತಿದಾಗ ತಳೆ ಅವು ಅಗಲದಂತೆ ತಡೆಯುತ್ತದೆ, ಒತ್ತಡ ಘರ್ಷಣೆಯಾಗಿ ಮಾರ್ಪಟ್ಟು ದೇಹ ನಿಲ್ಲುತ್ತದೆ. ಏರುಮುಳ್ಳಿನಲ್ಲಿ ಭಾರ ಒಂದೊಂದೇ ಕಾಲಿನ ಮೇಲೆ. ತಳೆಯಲ್ಲಿ ಎರಡೂ ಕಾಲು ಒಟ್ಟಿಗೆ ಕುಪ್ಪಳಿಸುತ್ತವೆ, ಆ ಕ್ಷಣ ಭಾರ ಕೈಗೆ ವರ್ಗವಾಗುತ್ತದೆ. ಖರ್ಚು ಶೂನ್ಯ, ಮರಕ್ಕೆ ಗಾಯವಿಲ್ಲ. ಕಷ್ಟವೆಲ್ಲ ಮನುಷ್ಯನಿಗೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಹೊಡೆಯಬೇಕಾದದ್ದು ಮಳೆಗಾಲದಲ್ಲಿ, ಕಾಂಡ ಪಾಚಿ ಕಟ್ಟಿ ಜಾರುವ ಹೊತ್ತಿನಲ್ಲಿ. ಒಂದು ಮರದ ತಲೆಯಿಂದಲೇ ಪಕ್ಕದ ಮರಕ್ಕೆ ದಾಟುವ ಕೊನೆಗೌಡನ, ಅಂದರೆ ಅಡಿಕೆ ಗೊನೆ ಇಳಿಸುವವನ, ಚಾಕಚಕ್ಯವನ್ನು ಹೊಗಳುವವರು ಬಹಳ. ಮಗನನ್ನು ಅದೇ ಕೆಲಸಕ್ಕೆ ಕಳಿಸುವ ಕೊನೆಗೌಡರು ಈಗ ವಿರಳ. ತೋಟಗಾರರ ಇಂದಿನ ಬಿಕ್ಕಟ್ಟು ಇಲ್ಲಿಂದ ಹುಟ್ಟಿದ್ದು.

ಅಲಿಪುರ ಆಡಳಿತ ಕೇಂದ್ರವಾಗಿರುವ ದಕ್ಷಿಣ 24 ಪರಗಣದಲ್ಲಿ ಚಳಿಗಾಲದ ಈಚಲಿನ ರಸ ಇಳಿಸುವವರ ಕಥೆಯೂ ಹೀಗೆಯೇ. ಅಲ್ಲಿ ಅವರನ್ನು ಶಿಉಲಿ ಎನ್ನುತ್ತಾರೆ. ಸೊಂಟಕ್ಕೂ ಮರಕ್ಕೂ ಸೇರಿಸಿ ಹಗ್ಗ ಕಟ್ಟಿ, ಹಿಂದಕ್ಕೆ ಒರಗಿ ನಿಂತು ಕಾಂಡದ ತಲೆಯನ್ನು ಕೆತ್ತುತ್ತಾರೆ. ಒಂದು ವರ್ಷ ಒಂದು ಮಗ್ಗುಲು, ಮರುವರ್ಷ ಎದುರು ಮಗ್ಗುಲು. ಹಳೆಯ ಮರಗಳು ಅಂಕುಡೊಂಕಾಗಿ ಕಾಣುವುದು ಈ ಕಾರಣಕ್ಕೆ. ಪ್ರತಿ ಡೊಂಕೂ ಮಾಯದ ಒಂದು ಗಾಯ, ಹತ್ತುವವನ ಪಾದಕ್ಕೆ ಒಂದು ಮೆಟ್ಟಿಲು. ಆ ರಸದ ನೊಲೆನ್ ಗುಡ ಎಂಬ ಬೆಲ್ಲದಿಂದಲೇ ಜಯನಗರದ ಮೋಯಾ ಆಗುವುದು; ಆ ಸಿಹಿಗೆ 2015ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿತು.

ಚುಚ್ಚದೆ ಹತ್ತುವ ಯಂತ್ರಗಳು ತಳೆಯ ತತ್ತ್ವವನ್ನೇ ಲೋಹದಲ್ಲಿ ಬೆಳೆಸಿದವು. ಯುರೋಪಿನ ಅರಣ್ಯ ಇಲಾಖೆಗಳು ಬೀಜ ಸಂಗ್ರಹಕ್ಕೆ ಬಳಸುವ ಸ್ವಿಸ್ ‘ಬೌಮ್‌ವೆಲೊ’, ಅಂದರೆ ಮರದ ಸೈಕಲ್, ಎರಡು ಉಕ್ಕಿನ ಪಟ್ಟಿಗಳನ್ನು ಕಾಂಡಕ್ಕೆ ಬಳಸಿ ಒಂದೊಂದು ಕಾಲಿಗೆ ಒಂದೊಂದು ಪೆಡಲು ಕೊಡುತ್ತದೆ. ಭಾರ ಬಿದ್ದಾಗ ಪಟ್ಟಿ ಬಿಗಿಯುತ್ತದೆ, ಎತ್ತಿದಾಗ ಸಡಿಲ. ಕಣ್ಣೂರು ಜಿಲ್ಲೆಯ ಚೆಂಬೇರಿಯ ಎಂ. ಜೆ. ಜೋಸೆಫ್ ತೆಂಗಿಗೆಂದು ರೂಪಿಸಿದ ಯಂತ್ರವೂ ಇದೇ ಬಗೆಯದು. ನಿಂತೇ, ಮೆಟ್ಟಿಲು ತುಳಿದಂತೆ ಹತ್ತಬಹುದು. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಆರಂಭಿಸಿದ ‘ತೆಂಗಿನ ಮರದ ಗೆಳೆಯರು’ ತರಬೇತಿ ಇಂಥ ಯಂತ್ರವನ್ನು ಹಿಂದೆಂದೂ ಮರ ಹತ್ತದಿದ್ದ ಯುವಕ ಯುವತಿಯರ ಕೈಗೆ ಕೊಟ್ಟಿತು. ಮರ ಹತ್ತುವುದು ಇಂಥ ಜಾತಿಯ ಕಸುಬು ಎಂಬ ಗೋಡೆಯನ್ನು ಒಂದು ಕಬ್ಬಿಣದ ಚೌಕಟ್ಟು ಅಷ್ಟಿಷ್ಟು ಕದಲಿಸಿದ್ದು ಸಣ್ಣ ಸಾಧನೆಯಲ್ಲ. ಬಂಟ್ವಾಳ ತಾಲ್ಲೂಕಿನ ಕೃಷಿಕ ಗಣಪತಿ ಭಟ್ಟರು ಅಡಿಕೆ ಮರ ಏರುವ ಮೋಟಾರು ‘ಬೈಕ್’ ಕಟ್ಟಿ 2019ರಲ್ಲಿ ದೇಶದ ಗಮನ ಸೆಳೆದರು. ಕೂತವನನ್ನು ಅದು ಅರ್ಧ ನಿಮಿಷದಲ್ಲಿ ಕೊನೆಯ ಬಳಿ ಒಯ್ಯುತ್ತದೆ. ಈಚೆಗೆ ಕಾರ್ಬನ್ ಫೈಬರ್ ದೋಟಿ ಬಂದು, ನೆಲದಲ್ಲೇ ನಿಂತು ಕೊನೆ ಇಳಿಸುವ, ಮದ್ದು ಹೊಡೆಯುವ ಪದ್ಧತಿ ವೇಗವಾಗಿ ಹರಡುತ್ತಿದೆ. ಹತ್ತುವ ಸಲಕರಣೆಗೆ ನಿಜವಾದ ಪೈಪೋಟಿ ಹತ್ತದೆ ಮುಗಿಸುವ ಸಲಕರಣೆಯಿಂದ. ಶೇಂದಿ ಇಳಿಸುವವರಿಗೆ ಆ ಅನುಕೂಲವಿಲ್ಲ, ಅವರು ದಿನವೂ ಹತ್ತಲೇಬೇಕು. ತೆಲಂಗಾಣ ಸರ್ಕಾರ 2024ರಲ್ಲಿ ಅವರಿಗಾಗಿ ಕಾಟಮಯ್ಯ ದೇವರ ಹೆಸರಿನಲ್ಲಿ ಹಗ್ಗ, ಬೆಲ್ಟುಗಳ ಸುರಕ್ಷಾ ಕಿಟ್ ಹಂಚತೊಡಗಿತು.

ಕರ್ನಾಟಕದ ಕಂಬ ಹತ್ತುವವರು

ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರ ಜೂನ್‌ನಲ್ಲಿ ವಿದ್ಯುತ್ ಹರಿದದ್ದು ಸುಮಾರು 147 ಕಿಲೋಮೀಟರ್ ಉದ್ದದ ಮಾರ್ಗದಲ್ಲಿ. ಬೆಂಗಳೂರಿನ ಬೀದಿದೀಪ ಹೊತ್ತಿದ್ದು 1905ರ ಆಗಸ್ಟ್‌ನಲ್ಲಿ. ಅಂದಿನಿಂದ ಈ ರಾಜ್ಯದಲ್ಲಿ ಕಂಬ ಹತ್ತುವ ಕಸುಬಿದೆ. ಲೈನ್‌ಮನ್‌ಗೆ ಈಗ ಪವರ್‌ಮ್ಯಾನ್ ಎಂದು ಹೆಸರು. ರಾಜ್ಯದ ವಿದ್ಯುತ್ ಪ್ರಸರಣ ನಿಗಮ ಕೆಪಿಟಿಸಿಎಲ್ 2024ರಲ್ಲಿ ಕರೆದ ಕಿರಿಯ ಸ್ಟೇಷನ್ ಪರಿಚಾರಕ, ಕಿರಿಯ ಪವರ್‌ಮ್ಯಾನ್ ಹುದ್ದೆಗಳು ಒಟ್ಟು 2,975. ಆಯ್ಕೆಗೆ ಮೊದಲು ಸಹನಾಶಕ್ತಿ ಪರೀಕ್ಷೆ ನಡೆಯುತ್ತದೆ; ಓಟ, ಸ್ಕಿಪ್ಪಿಂಗ್, ಗುಂಡು ಎಸೆತಗಳ ಜೊತೆ 8 ಮೀಟರ್ ಎತ್ತರದ ವಿದ್ಯುತ್ ಕಂಬ ಹತ್ತುವುದು ಅದರಲ್ಲಿ ಕಡ್ಡಾಯ. ಅಭ್ಯರ್ಥಿಯ ಕಾಲಿಗೆ ಆಗ ಯಾವ ಸಲಕರಣೆಯೂ ಇರುವುದಿಲ್ಲ. ತೋಳ್ಬಲ ಅಳೆಯಲು ಇದು ಸಾಕು, ಕಸುಬು ಕಲಿಸಲು ಸಾಲದು. ನೇಮಕವಾದವನಿಗೆ ಮಾರ್ಗದ ವಿದ್ಯುತ್ ನಿಲುಗಡೆ, ಅರ್ತಿಂಗ್, ಐಎಸ್ 3521ರ ಪ್ರಕಾರದ ಸುರಕ್ಷಾ ಬೆಲ್ಟು ಮತ್ತು ಕಾಂಕ್ರೀಟ್ ಕಂಬವನ್ನು ಬಳಸಿ ಹಿಡಿಯುವ ಒಂದು ಕಾಲಿನ ಸಲಕರಣೆ, ಇವು ನಾಲ್ಕೂ ಒಟ್ಟಿಗೆ ಸಿಗಬೇಕು. ಮೊದಲ ಮೂರು ಕಾಗದದ ಮೇಲಾದರೂ ಇವೆ.

ಆನ್‌ಲೈನ್ ಅಂಗಡಿಗಳಲ್ಲಿ ಏರುಮುಳ್ಳು ಈಗ ಭಾರತದಲ್ಲೂ ಮಾರಾಟಕ್ಕಿದೆ. ಚಿತ್ರದಲ್ಲಿ ಬಹಳ ಸಲ ತೆಂಗಿನ ಮರವನ್ನೇ ತೋರಿಸುತ್ತಾರೆ. ಕೊಳ್ಳುವವರು ಮೂರು ವಿಷಯ ನೆನಪಿಡಬೇಕು. ಕಡಿದುಹಾಕುವ ಮರಕ್ಕೆ, ಬೀಳುತಡೆ ಹಗ್ಗದ ಜೊತೆಗೆ, ಕಲಿತವರ ಕಾಲಿಗೆ ಇದು ಸರಿ. ತೆಂಗು, ಅಡಿಕೆ, ತಾಳೆ, ಈಚಲಿಗೆ ಎಂದೂ ಬೇಡ. ಉಕ್ಕಿನ ಅಥವಾ ಕಾಂಕ್ರೀಟಿನ ವಿದ್ಯುತ್ ಕಂಬದ ಹತ್ತಿರಕ್ಕೂ ಇದನ್ನು ಕಟ್ಟಿಕೊಂಡು ಹೋಗಬೇಡಿ.